ಸೆರಗಿಗೆ ಕಟ್ಟಿಕೊಂಡು ಬಂದ ದೃಶ್ಯಗಳು

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆ ಕಂಡದ್ದು 1934ರ ಮಾರ್ಚ್ 3ರಂದು. ನಿರ್ದೇಶಕರು ವೈ.ವಿ. ರಾವ್. ಇಂದ್ರಜಿತುವಾಗಿ ಸುಬ್ಬಯ್ಯನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ, ರಾವಣನಾಗಿ ನಾಗೇಂದ್ರರಾಯರು ಅಭಿನಯಿಸಿದ್ದರು. ಮಾತು, ಹಾಡುಗಳನ್ನು ಬರೆದವರು ಬೆಳ್ಳಾವೆ ನರಹರಿಶಾಸ್ತ್ರಿಗಳು. ಚಿತ್ರೀಕರಣ ನಡೆದದ್ದು ದೂರದ ಕೊಲ್ಹಾಪುರದಲ್ಲಿ. ಇಷ್ಟೆಲ್ಲ ವಿವರ ನಮಗೆ ಗೊತ್ತಿದೆ. ಚಿತ್ರವನ್ನು ಮಾತ್ರ ನೋಡುವಂತಿಲ್ಲ. ಅದರ ಒಂದು ಪ್ರತಿಯೂ ಉಳಿದಿಲ್ಲ.

ಇದು ನಮ್ಮ ಕನ್ನಡದ ದುರದೃಷ್ಟ ಮಾತ್ರವಲ್ಲ. 1931ರಲ್ಲಿ ಬಂದ, ಭಾರತದ ಮೊದಲ ವಾಕ್ಚಿತ್ರವಾದ ‘ಆಲಂ ಆರಾ’ ಕೂಡ ಹೀಗೆಯೇ ಕಳೆದುಹೋಗಿದೆ. ಆ ಕಾಲದ ಫಿಲ್ಮು ಬೇಗ ಬೆಂಕಿ ಹಿಡಿಯುವಂಥದು; ಸೆಕೆಗೆ, ತೇವಕ್ಕೆ ಕೆಡುವಂಥದು. ಅದರ ಮೇಲಿನ ಲೇಪದಲ್ಲಿ ಬೆಳ್ಳಿಯ ಅಂಶವಿರುತ್ತಿತ್ತು. ಓಟ ಮುಗಿದ ಚಿತ್ರಗಳ ಸುರುಳಿಗಳನ್ನು ಆ ಬೆಳ್ಳಿಯ ಆಸೆಗೆ ಮಾರಿಬಿಟ್ಟದ್ದೂ ಉಂಟು. ಹಳೆಯ ಜರಿಸೀರೆಯನ್ನು ಬೆಳ್ಳಿ ತೆಗೆಯುವವರಿಗೆ ಕೊಟ್ಟು ಸ್ಟೀಲ್ ಪಾತ್ರೆ ತೆಗೆದುಕೊಂಡ ನಮ್ಮ ತಾಯಂದಿರಿಗೆ ಇದು ತಿಳಿಯದ ಲೆಕ್ಕವೇನಲ್ಲ. ಪುಣೆಯಲ್ಲಿ 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾಗುವ ಹೊತ್ತಿಗೆ ಹಳೆಯ ಚಿತ್ರಗಳಲ್ಲಿ ಬಹುಪಾಲು ಹೋಗಿಯೇ ಹೋಗಿದ್ದವು.

ಸುರುಳಿ ಹೋದರೂ ಕೆಲವು ದೃಶ್ಯಗಳು ಜನರ ಬಾಯಲ್ಲಿ ಉಳಿದವು. ಸುರುಳಿ ಭದ್ರವಾಗಿದ್ದರೂ ಎಷ್ಟೋ ಚಿತ್ರಗಳು ಯಾರ ನೆನಪಿನಲ್ಲೂ ಇಲ್ಲ. ಮೂರು ಗಂಟೆಯ ಚಿತ್ರ ನೋಡಿ ಬಂದ ಮೇಲೆ ನಮ್ಮ ಜೊತೆ ಮನೆಗೆ ಬರುವುದು ಎರಡೋ ಮೂರೋ ನಿಮಿಷದ ಸಂಗತಿ. ಆ ಎರಡು ಮೂರು ನಿಮಿಷ ಯಾವುದು, ಅದು ಯಾಕೆ ಬಂತು, ನಲವತ್ತು ವರ್ಷವಾದರೂ ಯಾಕೆ ಹೋಗಲಿಲ್ಲ ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡಿರುವ ಪ್ರಶ್ನೆ. ವಿಮರ್ಶಕರು ಇದಕ್ಕೆ ಕ್ಯಾಮೆರಾ, ಸಂಕಲನ, ಅಭಿನಯ ಎಂದು ಉತ್ತರ ಹೇಳುತ್ತಾರೆ. ಅವೆಲ್ಲ ನಿಜ. ಆದರೆ ನೋಡಿ ಬಂದ ಹೆಂಗಸರನ್ನು ಕೇಳಿದರೆ ಉತ್ತರ ಬೇರೆ ಕಡೆಯಿಂದ ಬರುತ್ತದೆ.

ನಮ್ಮ ತಾಯಿಯ ಕಾಲಕ್ಕೆ ಸಣ್ಣ ಊರುಗಳಲ್ಲಿ ಸಿನಿಮಾ ಎಂದರೆ ಟೆಂಟು. ಹೊಲದ ಬದಿಯ ಬಯಲಲ್ಲಿ ಡೇರೆ. ಒಳಗೆ ಮರಳಿನ ನೆಲ, ಅದರ ಹಿಂದೆ ಬೆಂಚು, ಅದಕ್ಕೂ ಹಿಂದೆ ನಾಲ್ಕು ಸಾಲು ಕುರ್ಚಿ. ಹೆಂಗಸರಿಗೆ ಬೇರೆಯೇ ಜಾಗ, ನಡುವೆ ಒಂದು ಮೋಟುಗೋಡೆ. ಸಂಜೆ ಘಂಟಸಾಲ ಅವರ ವೆಂಕಟೇಶ ಸ್ತುತಿಯ ರೆಕಾರ್ಡು ಕೇಳಿಸಿತೆಂದರೆ ಆಟ ಶುರುವಾಗುತ್ತದೆಂದು ಊರಿಗೆಲ್ಲ ಗೊತ್ತು. ಒಂದೇ ಪ್ರೊಜೆಕ್ಟರು, ಒಂದು ರೀಲು ಮುಗಿದಾಗ ದೀಪ ಹಾಕಿ ಇನ್ನೊಂದು ರೀಲು ಏರಿಸಬೇಕು. ಆ ಬಿಡುವಿನಲ್ಲಿ ಹೆಂಗಸರು ಮುಂದೇನಾಗಬಹುದು ಎಂದು ಚರ್ಚಿಸುತ್ತಿದ್ದರು, ಮಗುವಿಗೆ ಹಾಲು ಕುಡಿಸುತ್ತಿದ್ದರು, ಕಣ್ಣೊರೆಸಿಕೊಳ್ಳುತ್ತಿದ್ದರು.

ಆದರೆ ಎಲ್ಲ ಹೆಂಗಸರೂ ಹೋಗುವಂತಿರಲಿಲ್ಲ. ಒಂದು ಮನೆಯಿಂದ ಇಬ್ಬರು ಹೋದರೆ ಮೂವರು ಮನೆಯಲ್ಲಿ ಉಳಿಯುತ್ತಿದ್ದರು. ಬಾಣಂತಿ, ಮೈನೆರೆದ ಹುಡುಗಿ, ಕಾಯಿಲೆಯವರು, ಗಂಡನ ಒಪ್ಪಿಗೆ ಸಿಗದವರು, ಮತ್ತು ಗಂಡನನ್ನು ಕಳೆದುಕೊಂಡವರು. ಉಳಿದವರಿಗೆ ಹೋಗಿ ಬಂದವರೇ ಸಿನಿಮಾ. ನಮ್ಮ ಮನೆಯಲ್ಲಿ ಹಾಗೆ ಉಳಿಯುತ್ತಿದ್ದವರು ದೊಡ್ಡಜ್ಜಿ, ನಮ್ಮ ತಂದೆಯ ಸೋದರತ್ತೆ. ಮರುದಿನ ಮಧ್ಯಾಹ್ನ ಅಕ್ಕಿ ಆರಿಸುತ್ತ ಅಮ್ಮ ಅವರಿಗೆ ಕಥೆ ಹೇಳುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಕೇಳುತ್ತಿದ್ದೆ. ಈಗ ಯೋಚಿಸಿದರೆ ಅಮ್ಮ ಕಥೆಯನ್ನು ಆದಿಯಿಂದ ಅಂತ್ಯದವರೆಗೆ ಎಂದೂ ಹೇಳಿದ್ದಿಲ್ಲ. ಯಾರು ಯಾರಿಗೆ ಏನಾಗಬೇಕು ಎಂಬುದನ್ನು ನಾಲ್ಕು ಮಾತಿನಲ್ಲಿ ಮುಗಿಸಿ ನೇರವಾಗಿ ಒಂದು ದೃಶ್ಯಕ್ಕೆ ಬಂದುಬಿಡುತ್ತಿದ್ದಳು. ಅದನ್ನು ಹೇಳುವಾಗ ಕೈಗೆ ಏನಾದರೂ ಬೇಕಿತ್ತು. ಮೊರವೋ, ಕೈಯಲ್ಲಿದ್ದ ಸೌಟೋ, ತನ್ನದೇ ಸೆರಗೋ.

‘ಬೇಡರ ಕಣ್ಣಪ್ಪ’ವನ್ನು ಅವಳು ಹೇಳಿದ್ದು ಹಾಗೆ. 1954ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ಆ ಚಿತ್ರದಲ್ಲೇ ಸಿಂಗಾನಲ್ಲೂರಿನ ಮುತ್ತುರಾಜ್ ರಾಜ್‌ಕುಮಾರ್ ಆದದ್ದು. ಅದು ಮತ್ತೆ ಮತ್ತೆ ಟೆಂಟುಗಳಿಗೆ ಬರುತ್ತಿತ್ತು. ಶಿವಲಿಂಗದ ಕಣ್ಣಲ್ಲಿ ರಕ್ತ ಸುರಿಯುವುದನ್ನು ಕಂಡು ಬೇಡ ತನ್ನ ಒಂದು ಕಣ್ಣನ್ನು ಕಿತ್ತು ಇಡುತ್ತಾನೆ. ಇನ್ನೊಂದು ಕಣ್ಣಲ್ಲೂ ರಕ್ತ. ಇರುವ ಇನ್ನೊಂದು ಕಣ್ಣನ್ನೂ ಕೊಡಬೇಕು, ಕೊಟ್ಟರೆ ಕುರುಡ, ಆಮೇಲೆ ಅದನ್ನು ಎಲ್ಲಿಡಬೇಕೆಂದು ಕಾಣುವುದು ಹೇಗೆ? ಅದಕ್ಕೆ ಅವನು ತನ್ನ ಕಾಲಿನ ಹೆಬ್ಬೆರಳನ್ನು ಲಿಂಗದ ಕಣ್ಣಿನ ಮೇಲೆ ಗುರುತಿಗೆ ಇಟ್ಟುಕೊಳ್ಳುತ್ತಾನೆ. ಅಮ್ಮ ಇಲ್ಲಿಗೆ ಬಂದಾಗ ಕೂತಲ್ಲಿಂದಲೇ ಕಾಲು ಚಾಚಿ ಹೆಬ್ಬೆರಳನ್ನು ಮೊರದ ಅಂಚಿಗೆ ತಾಗಿಸಿ, “ಇಗೋ, ಹೀಗೆ” ಎನ್ನುತ್ತಿದ್ದಳು. ಧಾನ್ಯಕ್ಕೆ ಕಾಲು ತಾಗಿಸಬಾರದೆಂದು ದೊಡ್ಡಜ್ಜಿ ಗದರುತ್ತಿರಲಿಲ್ಲ. ಶಿವನಿಗೇ ತಾಗಿಸಿದ ಮೇಲೆ ಇನ್ನೇನು!

ಈ ಕಥೆ ಸಿನಿಮಾದವರು ಹುಟ್ಟಿಸಿದ್ದಲ್ಲ. ತಮಿಳಿನ ಪೆರಿಯಪುರಾಣದಲ್ಲಿ ಇದೆ. ಕನ್ನಡದಲ್ಲಿ ಹರಿಹರ ಕಣ್ಣಪ್ಪನ ಮೇಲೆ ರಗಳೆ ಬರೆದಿದ್ದಾನೆ. ನಾಟಕದವರು ಆಡಿದ್ದಾರೆ. ಇಷ್ಟು ಕಾಲ ಅದು ಬಾಳಿದ್ದು ಆ ಹೆಬ್ಬೆರಳಿನಿಂದ ಎಂದು ನನಗೆ ತೋರುತ್ತದೆ. ಕಣ್ಣು ಕೊಡುವುದು ಭಕ್ತಿ. ಭಕ್ತಿಯನ್ನು ನಾವು ದೂರದಿಂದ ಕೈಮುಗಿದು ನೋಡುತ್ತೇವೆ. ಕುರುಡನಾದ ಮೇಲೆ ಕೆಲಸ ಹೇಗೆ ಸಾಗಬೇಕು ಎಂದು ಮೊದಲೇ ಯೋಚಿಸಿ ಗುರುತು ಇಟ್ಟುಕೊಳ್ಳುವುದು ಮಾತ್ರ ನಮ್ಮ ಮನೆಗೆಲಸದ ಬುದ್ಧಿ. ಕರೆಂಟು ಹೋಗುವ ಮೊದಲು ಬೆಂಕಿಪೊಟ್ಟಣ ಎಲ್ಲಿದೆ ಎಂದು ನೋಡಿಕೊಳ್ಳುವ ಪ್ರತಿಯೊಬ್ಬಳಿಗೂ ಅದು ಗೊತ್ತು. ಆ ಗುರುತಿನಿಂದ ಕಣ್ಣಪ್ಪ ನಮ್ಮವನಾಗುತ್ತಾನೆ.

ರಾಜ್‌ಕುಮಾರ್ ಹೆಸರಿನ ನೇತ್ರ ಬ್ಯಾಂಕು ಬೆಂಗಳೂರಿನಲ್ಲಿ 1994ರಲ್ಲಿ ಆರಂಭವಾಯಿತು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಮಗ ಪುನೀತ್ ಅಕಾಲದಲ್ಲಿ ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು. ಆ ವಾರ ನಮ್ಮ ಶಾಲೆಯ ಆಯಾ, ಶಾಲೆಯ ಮೆಟ್ಟಿಲು ಹತ್ತದ ಹೆಂಗಸು, ಪೊರಕೆ ಗೋಡೆಗೆ ಆನಿಸಿಟ್ಟು, “ಅಪ್ಪ ಕಣ್ಣಪ್ಪ, ಮಗನೂ ಕಣ್ಣಪ್ಪ” ಎಂದಳು. ಅರವತ್ತೇಳು ವರ್ಷಗಳ ಹಿಂದಿನ ಒಂದು ದೃಶ್ಯ ಅಷ್ಟು ಹಸಿಯಾಗಿ ಅವಳ ನಾಲಗೆಯ ಮೇಲಿತ್ತು. ಆ ದಿನಗಳಲ್ಲಿ ನೇತ್ರದಾನಕ್ಕೆ ಹೆಸರು ಬರೆಸಿದವರಲ್ಲಿ ಎಷ್ಟೋ ಜನರಿಗೆ ಆ ದೃಶ್ಯ ನೆನಪಾಗಿದ್ದರೆ ಆಶ್ಚರ್ಯವಿಲ್ಲ.

ಮನೆಯ ವಸ್ತುವೊಂದಕ್ಕೆ ದೃಶ್ಯ ಅಂಟಿಕೊಳ್ಳುವುದು ಹೇಗೆಂಬುದಕ್ಕೆ ಇನ್ನೊಂದು ಉದಾಹರಣೆ ನಮ್ಮ ಓಬವ್ವ. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆಗೆದ ‘ನಾಗರಹಾವು’ ಚಿತ್ರದಲ್ಲಿ ಓಬವ್ವನದು ಒಂದು ಹಾಡಿನ ಅವಧಿಯಷ್ಟೇ. ಚಿತ್ರದುರ್ಗದ ಕೋಟೆಯ ಕಾವಲುಗಾರ ಊಟಕ್ಕೆ ಕೂತಿದ್ದಾಗ ನೀರಿಗೆ ಹೋದ ಹೆಂಡತಿ, ಕಿಂಡಿಯಿಂದ ನುಸುಳುವ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಬಡಿದು ಹಾಕುತ್ತಾಳೆ. ಆ ಪಾತ್ರದಲ್ಲಿ ಜಯಂತಿ. ಕೋಟೆ 1779ರಲ್ಲಿ ಹೈದರಾಲಿಯ ವಶವಾಯಿತು ಎಂದು ನಾನು ತರಗತಿಯಲ್ಲಿ ಪಾಠ ಮಾಡುತ್ತೇನೆ. ಮಕ್ಕಳು ಇಸವಿಯನ್ನು ಪರೀಕ್ಷೆ ಮುಗಿದ ಸಂಜೆಗೇ ಮರೆಯುತ್ತಾರೆ. ಓಬವ್ವನನ್ನು ಮರೆಯುವುದಿಲ್ಲ. ನವೆಂಬರ್ ತಿಂಗಳ ಛದ್ಮವೇಷ ಸ್ಪರ್ಧೆಗೆ ಪ್ರತಿವರ್ಷ ಮೂರು ನಾಲ್ಕು ಓಬವ್ವರು ಬರುತ್ತಾರೆ. ಕಚ್ಚೆಸೀರೆ, ದೊಡ್ಡ ಕುಂಕುಮ, ಎರಡೂ ಕೈಯಲ್ಲಿ ಎತ್ತಿ ಹಿಡಿದ ಒನಕೆ. ಆ ನಿಲುವು ಜಯಂತಿಯದು. ಓಬವ್ವ ಹೇಗಿದ್ದಳೆಂದು ಕಂಡವರಿಲ್ಲ. ನಮ್ಮ ನಾಡಿನ ಮಟ್ಟಿಗೆ ಅವಳು ಆ ಹಾಡಿನಲ್ಲಿ ಇದ್ದಂತೆಯೇ ಇದ್ದಳು. ಅವಳ ಕೈಯಲ್ಲಿ ಖಡ್ಗವಿದ್ದಿದ್ದರೆ ಅವಳು ಇನ್ನೊಬ್ಬ ರಾಣಿಯಾಗುತ್ತಿದ್ದಳು. ಒನಕೆಯಾದ್ದರಿಂದ ನೋಡಿ ಬಂದ ಪ್ರತಿಯೊಬ್ಬಳೂ ಮರುದಿನ ಬೆಳಗ್ಗೆ ಒರಳಿನ ಮುಂದೆ ನಿಂತಾಗ ಒಂದು ಕ್ಷಣ ಓಬವ್ವನಾದಳು.

ತಮಾಷೆಯ ದೃಶ್ಯಕ್ಕೂ ಇದೇ ಮಾತು. ಗೊರೂರರ ಕಥೆಯಿಂದ ಸಿದ್ದಲಿಂಗಯ್ಯ 1974ರಲ್ಲಿ ಮಾಡಿದ ‘ಭೂತಯ್ಯನ ಮಗ ಅಯ್ಯು’ ಚಿತ್ರದಲ್ಲಿ ಊರಿಗೆ ಊರೇ ಕೊಚ್ಚಿಹೋಗುವಂಥ ಪ್ರವಾಹವಿದೆ, ಹಗೆತನವಿದೆ. ಆದರೆ ಚಿತ್ರದ ಹೆಸರು ಹೇಳಿದರೆ ನಮ್ಮ ಕಡೆಯ ಹೆಂಗಸರಿಗೆ ಮೊದಲು ನೆನಪಾಗುವುದು ಲೋಕನಾಥ್ ಉಪ್ಪಿನಕಾಯಿ ತಿನ್ನುವುದು. ಪಾಪ, ಆಮೇಲೆ ಎಷ್ಟು ಪಾತ್ರ ಮಾಡಿದರೂ ಅವರು ಉಪ್ಪಿನಕಾಯಿ ಲೋಕನಾಥ್ ಆಗಿಯೇ ಉಳಿದರು. ಭರಣಿಯ ಮುಚ್ಚಳ ತೆಗೆದರೆ ಆ ಮನುಷ್ಯ ಬಂದು ನಿಲ್ಲುತ್ತಾರೆ.

ವಸ್ತುವಿನಿಂದ ದೃಶ್ಯ ನೆನಪಾಗುತ್ತದೆ, ಸರಿ. ಆದರೆ ದೃಶ್ಯವೊಂದು ನೋಡಿದವಳ ಬದುಕಿನೊಳಗೆ ಕೈ ಹಾಕುವುದು ಯಾವಾಗ? ಇದಕ್ಕೆ ನಾನು ‘ಶರಪಂಜರ’ದ ಕಡೆ ತಿರುಗಬೇಕು. ತ್ರಿವೇಣಿಯವರ ಕಾದಂಬರಿ, 1971ರಲ್ಲಿ ಪುಟ್ಟಣ್ಣನವರ ಚಿತ್ರ. ಕಾವೇರಿಯಾಗಿ ಕಲ್ಪನಾ. ಬಾಣಂತನದಲ್ಲಿ ಬುದ್ಧಿ ಕೆಟ್ಟ ಕಾವೇರಿ ಮಾನಸಿಕ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಅಲ್ಲಿಂದ ನಿಜವಾದ ಕಥೆ. ಅವಳು ಗುಣವಾಗಿದ್ದಾಳೆ, ಸುತ್ತಲಿನವರಿಗೆ ಗುಣವಾಗಿಲ್ಲ. ಅವಳು ನಕ್ಕರೂ ಅನುಮಾನ, ಅತ್ತರೂ ಅನುಮಾನ. ಹದಿನಾಲ್ಕು ವರ್ಷದ ವನವಾಸ ಮುಗಿಸಿ ಬಂದ ಸೀತೆಯ ಹಾಡನ್ನು ಕಾವೇರಿ ಹಾಡುತ್ತಾಳೆ. ಹಾಡುವವಳು ಯಾರ ಮಾತು ಹೇಳುತ್ತಿದ್ದಾಳೆಂದು ನೋಡುವವರಿಗೆಲ್ಲ ತಿಳಿಯುತ್ತದೆ. ಕೊನೆಗೆ ಗಂಡನ ನಡತೆಯೂ ತಿಳಿದಾಗ ಅವಳು ಮತ್ತೆ ಹುಚ್ಚಿಯಾಗುತ್ತಾಳೆ.

ತ್ರಿವೇಣಿಯವರು ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವರು. ಹೆರಿಗೆಯ ನಂತರ ಬರುವ ಈ ಕಾಯಿಲೆಗೆ ಔಷಧ ಇದೆ, ಆಸ್ಪತ್ರೆ ಇದೆ ಎಂಬುದನ್ನು ಅವರು ಕಾದಂಬರಿಯ ಮೂಲಕ ಮನೆಮನೆಗೆ ಮುಟ್ಟಿಸಿದರು. ಸ್ವತಃ ಅವರೇ 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ತಮ್ಮ ಕಾವೇರಿ ಬೆಳ್ಳಿತೆರೆಯ ಮೇಲೆ ಬಂದದ್ದನ್ನು ಅವರು ನೋಡಲಿಲ್ಲ.

‘ಶರಪಂಜರ’ ನೋಡಿ ಬಂದ ಹೆಂಗಸರು ಏನು ಮಾತಾಡಿಕೊಂಡರು ಎಂಬುದಕ್ಕೆ ದಾಖಲೆ ಎಲ್ಲೂ ಇಲ್ಲ. ನಮ್ಮ ಅಮ್ಮನ ಬಾಯಿಂದ ನಾನು ಕೇಳಿದ್ದು ಇಷ್ಟು. ಆ ಚಿತ್ರ ಬರುವ ಮೊದಲು ನಮ್ಮ ಬೀದಿಯಲ್ಲಿ ಬಾಣಂತಿಯೊಬ್ಬಳು ಒಬ್ಬಳೇ ಅಳುತ್ತ ಕೂತರೆ ಗಾಳಿ ಸೋಕಿತು ಎನ್ನುತ್ತಿದ್ದರು, ಯಂತ್ರ ಕಟ್ಟಿಸುತ್ತಿದ್ದರು. ಚಿತ್ರ ಬಂದ ಮೇಲೆ “ಕಾವೇರಿಗೆ ಆದ ಹಾಗೆ ಆಗಿದೆಯೋ ಏನೋ, ಡಾಕ್ಟರಿಗೆ ತೋರಿಸಿ” ಎನ್ನುವ ಮಾತು ಬಂತು. ಎಲ್ಲ ಮನೆಯಲ್ಲೂ ತೋರಿಸಿದರೆಂದು ನಾನು ಹೇಳಲಾರೆ. ಆದರೆ ಹೆಸರಿಲ್ಲದ ಒಂದು ಸಂಕಟಕ್ಕೆ ಹೆಸರು ಸಿಕ್ಕಿತು, ಅದೂ ಹೆಣ್ಣಿನ ಹೆಸರು. ಹೆಸರು ಸಿಕ್ಕರೆ ಅರ್ಧ ಭಾರ ಇಳಿದ ಹಾಗೆ.

1980ರ ದಶಕದಲ್ಲಿ ಟೆಂಟುಗಳು ಒಂದೊಂದಾಗಿ ಎದ್ದವು, ಮನೆಗೆ ಟಿ.ವಿ. ಬಂತು. ಭಾನುವಾರ ಮಧ್ಯಾಹ್ನ ದೂರದರ್ಶನದವರು ಪ್ರಶಸ್ತಿ ಪಡೆದ ಪ್ರಾದೇಶಿಕ ಭಾಷೆಯ ಚಿತ್ರಗಳನ್ನು ತೋರಿಸುತ್ತಿದ್ದರು. ಊಟ ಮುಗಿಸಿ ತೂಕಡಿಸುವ ಹೊತ್ತು. ಹಾಡು ಕುಣಿತ ಇಲ್ಲದ ಚಿತ್ರಗಳು. ಗಂಡಸರು ಎದ್ದು ಹೋಗಿ ಮಲಗುತ್ತಿದ್ದರು. ನಾವು ಹೆಂಗಸರು ಕೂತು ನೋಡಿದೆವು. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯನ್ನು ನಾನು ನೋಡಿದ್ದು ಹಾಗೆ. 1952ರಲ್ಲಿ ತೆಗೆಯಲು ತೊಡಗಿ, ಹಣವಿಲ್ಲದೆ ನಿಂತು ನಿಂತು, ರಾಯ್ ಅವರು ಹೆಂಡತಿಯ ಒಡವೆಯನ್ನೂ ಅಡವಿಟ್ಟು, ಕೊನೆಗೆ ಬಂಗಾಳ ಸರ್ಕಾರದ ನೆರವಿನಿಂದ 1955ರಲ್ಲಿ ಮುಗಿದ ಚಿತ್ರ. ಅದರ ಬಿಳಿ ಹುಲ್ಲಿನ ಬಯಲು, ದೂರದ ರೈಲು ಲೋಕಪ್ರಸಿದ್ಧ. ನಮ್ಮ ಮನೆಯಲ್ಲಿ ನಿಂತದ್ದು ಬೇರೆ ದೃಶ್ಯ. ಊರೂರು ಅಲೆದು ತಿಂಗಳುಗಳ ಮೇಲೆ ಮನೆಗೆ ಬಂದ ಹರಿಹರನಿಗೆ ಮಗಳು ದುರ್ಗಾ ಸತ್ತದ್ದು ಗೊತ್ತಿಲ್ಲ. ಗಂಟು ಬಿಚ್ಚಿ ತಂದ ಸಾಮಾನು ಒಂದೊಂದೇ ತೋರಿಸುತ್ತಾನೆ. ಕೊನೆಗೆ ದುರ್ಗಾಳಿಗೆಂದು ತಂದ ಸೀರೆಯನ್ನು ಹೆಂಡತಿಯ ಕೈಗೆ ಕೊಡುತ್ತಾನೆ. ಅಷ್ಟು ಹೊತ್ತು ಕಲ್ಲಿನಂತಿದ್ದ ಸರ್ವಜಯಾ ಕುಸಿಯುತ್ತಾಳೆ. ಅವಳ ಅಳು ನಮಗೆ ಕೇಳಿಸುವುದಿಲ್ಲ. ಅದರ ಜಾಗದಲ್ಲಿ ತಾರ್ ಶೆಹನಾಯಿಯ ಎತ್ತರದ ಸ್ವರ ಕೇಳುತ್ತದೆ.

ಬಂಗಾಳಿ ನಮಗೆ ಒಂದಕ್ಷರ ಬರುತ್ತಿರಲಿಲ್ಲ. ತಿಳಿಯದೆ ಉಳಿದದ್ದೂ ಏನಿಲ್ಲ. ಆ ತಾಯಿ ಬಾಯಿಬಿಟ್ಟು ಅತ್ತಿದ್ದರೆ ಅದು ಆಕೆಯ ಅಳುವಾಗುತ್ತಿತ್ತು. ನಾವು ಅಯ್ಯೋ ಎಂದು ಸುಮ್ಮನಾಗುತ್ತಿದ್ದೆವು. ಅಳುವಿನ ಜಾಗವನ್ನು ಖಾಲಿ ಬಿಟ್ಟದ್ದರಿಂದ ಅಲ್ಲಿ ನಮ್ಮ ನಮ್ಮ ಮನೆಯ ಅಳು ಬಂದು ಕೂತಿತು. ನಮ್ಮ ಪಕ್ಕದ ಮನೆಯಾಕೆ ಎರಡು ವರ್ಷದ ಹಿಂದೆ ವಿಷಮಜ್ವರದಲ್ಲಿ ಮಗಳನ್ನು ಕಳೆದುಕೊಂಡಿದ್ದರು. ಆ ದಿನ ಅವರು ಮಾತಿಲ್ಲದೆ ಎದ್ದು ಮನೆಗೆ ಹೋದರು. ಒಂದು ದೃಶ್ಯ ಉಳಿಯಬೇಕಾದರೆ ಅದನ್ನು ಮಾಡಿದವನು ನೋಡುವವಳಿಗೆ ಸ್ವಲ್ಪ ಜಾಗ ಬಿಟ್ಟಿರಬೇಕು ಎಂದು ನನಗೆ ಹೊಳೆದದ್ದು ಆ ಮಧ್ಯಾಹ್ನ.

ಆ ಜಾಗದಲ್ಲಿ ಏನೆಲ್ಲ ಬಂದು ಕೂರಬಹುದು ಎಂಬುದು ತಿಳಿದದ್ದು ಆಮೇಲೆ, ‘ಫಣಿಯಮ್ಮ’ ಬಂದ ಭಾನುವಾರ. ಎಂ.ಕೆ. ಇಂದಿರಾ ತಮ್ಮ ಬಂಧುವರ್ಗದಲ್ಲೇ ಬಾಳಿದ ಬಾಲವಿಧವೆಯೊಬ್ಬರ ಬದುಕನ್ನು ಆಧರಿಸಿ 1976ರಲ್ಲಿ ಬರೆದ ಕಾದಂಬರಿ ಅದು. ಚಿತ್ರ ಮಾಡಿದವರು ಪ್ರೇಮಾ ಕಾರಂತ, 1983ರಲ್ಲಿ. ಫಣಿಯಮ್ಮನಾಗಿ ಎಲ್.ವಿ. ಶಾರದಾ. ಮಕ್ಕಳಾಟದ ವಯಸ್ಸಿನಲ್ಲಿ ಮದುವೆ, ಹಿಂದೆಯೇ ವೈಧವ್ಯ, ಮೈನೆರೆದ ಮೇಲೆ ಕೇಶಮುಂಡನ, ಆಮೇಲೆ ಮಡಿ, ಒಪ್ಪೊತ್ತು, ದುಡಿಮೆ. ಅದೇ ಫಣಿಯಮ್ಮ ಮುದುಕಿಯಾದಾಗ, ತಲೆ ಬೋಳಿಸಿಕೊಳ್ಳಲು ಒಪ್ಪದ ಇನ್ನೊಬ್ಬ ಎಳೆಯ ವಿಧವೆ ದಾಕ್ಷಾಯಣಿಯ ಪರ ನಿಲ್ಲುತ್ತಾಳೆ.

ನಮ್ಮ ದೊಡ್ಡಜ್ಜಿಗೆ ಆಗ ಎಂಬತ್ತರ ಹತ್ತಿರ. ನಾವು ಹುಟ್ಟಿದಾಗಿನಿಂದ ಕಂಡದ್ದು ಕೆಂಪು ಸೀರೆ, ತಲೆಯ ಮೇಲೆ ಸೆರಗು. ಅವರಿಗೆ ಹದಿನಾಲ್ಕಕ್ಕೆ ಗಂಡ ಹೋದರಂತೆ. ಅದನ್ನೂ ಅವರು ಹೇಳಿದ್ದಲ್ಲ, ಬೇರೆಯವರು ಹೇಳಿ ತಿಳಿದದ್ದು. ಟಿ.ವಿ. ಇದ್ದ ನಡುಮನೆಗೆ ಅವರು ಬರುತ್ತಿರಲಿಲ್ಲ. ಅಡಿಗೆಮನೆಯ ಹೊಸ್ತಿಲ ಒಳಗೆ ಮಣೆ ಹಾಕಿಕೊಂಡು ಅಲ್ಲಿಂದ ಕಂಡಷ್ಟು ನೋಡುತ್ತಿದ್ದರು. ತಲೆ ಬೋಳಿಸುವ ಸನ್ನಿವೇಶ ಬಂದಾಗ ಅಮ್ಮ ಎದ್ದು ಟಿ.ವಿ. ಆರಿಸಲು ಹೋದಳು. ದೊಡ್ಡಜ್ಜಿ, “ಇರಲಿ ಬಿಡೇ” ಎಂದರು. ಸ್ವಲ್ಪ ಹೊತ್ತಾದ ಮೇಲೆ ಯಾರನ್ನೂ ನೋಡದೆ, “ನಂದು ಕುಚ್ಚು ಹಾಕಿದ್ರೆ ಮಂಡಿಗೆ ತಾಗ್ತಿತ್ತು” ಎಂದರು.

ಅರವತ್ತೈದು ವರ್ಷಗಳಲ್ಲಿ ಅವರು ತಮ್ಮ ಕೂದಲಿನ ಬಗ್ಗೆ ಆಡಿದ ಮೊದಲ ಮಾತು ಅದು. ಚಿತ್ರ ಮುಗಿದ ಮೇಲೂ ನಾವು ಏಳಲಿಲ್ಲ. ಅವರೇ ಹೇಳಿದರು. ಆ ದಿನ ಅವರ ತಾಯಿ ಬೆಳಗ್ಗೆಯೇ ಕೊಟ್ಟಿಗೆಗೆ ಹೋಗಿ ಕೂತವರು ಸಂಜೆಯವರೆಗೆ ಹೊರಗೆ ಬರಲಿಲ್ಲವಂತೆ. ಹಿತ್ತಲಿನಲ್ಲಿ ಕೂರಿಸಿದ್ದರಂತೆ. ಕತ್ತಿ ತಣ್ಣಗಿತ್ತಂತೆ. ಆಮೇಲೆ ತಲೆಗೆ ಗಾಳಿ ತಾಗಿ ಚಳಿಯಾಯಿತಂತೆ. “ಆ ಕೂದಲು ಏನು ಮಾಡಿದ್ರು ಅಂತ ನಾ ಕೇಳ್ಲಿಲ್ಲ” ಎಂದರು. ಅಷ್ಟು ಹೇಳಿ ಸಂಜೆಯ ದೀಪಕ್ಕೆ ಬತ್ತಿ ಹೊಸೆಯಲು ಕೂತರು. ಅಷ್ಟು ವರ್ಷ ಅಮ್ಮ ಹೇಳುತ್ತಿದ್ದಳು, ಅವರು ಕೇಳುತ್ತಿದ್ದರು. ಆ ಒಂದು ಭಾನುವಾರ ಅವರು ಹೇಳಿದರು, ನಾವು ಕೇಳಿದೆವು.

ನಾನು ಇತಿಹಾಸ ಓದಿದವಳು. ಮೈಸೂರು ಸಂಸ್ಥಾನದಲ್ಲಿ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ತಡೆಯುವ ಕಾನೂನು 1894ರಲ್ಲೇ ಬಂತೆಂದು ಗೊತ್ತಿತ್ತು. ವಿಧವೆಯೊಬ್ಬಳ ಮರುಮದುವೆಯನ್ನು ಕಥೆಯಾಗಿಸಿದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಕಾದಂಬರಿ 1899ರದೆಂದು ಗೊತ್ತಿತ್ತು. ಈ ಎರಡರ ನಂತರ ಹುಟ್ಟಿದವರು ನಮ್ಮ ದೊಡ್ಡಜ್ಜಿ. ಕಾನೂನಿನಿಂದ ಹಿತ್ತಲಿಗೆ, ಪುಸ್ತಕದಿಂದ ಹಿತ್ತಲಿಗೆ ಎಷ್ಟು ದೂರ ಎಂಬುದನ್ನು ಯಾವ ಪಠ್ಯವೂ ನನಗೆ ಹೇಳಿರಲಿಲ್ಲ. ಒಂದು ದೃಶ್ಯ, ಅದರ ಹಿಂದೆ ಬಂದ ಒಂದು ಮಾತು ಹೇಳಿದವು.

ಅದಕ್ಕೂ ಮೊದಲೇ, 1977ರಲ್ಲಿ, ಗಿರೀಶ ಕಾಸರವಳ್ಳಿಯವರು ಯು.ಆರ್. ಅನಂತಮೂರ್ತಿಯವರ ಕಥೆಯಿಂದ ‘ಘಟಶ್ರಾದ್ಧ’ ಮಾಡಿದ್ದರು. ಅದು ಆ ವರ್ಷದ ರಾಷ್ಟ್ರಪತಿಗಳ ಸ್ವರ್ಣಕಮಲ ಪಡೆಯಿತು. ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿ ಮನೆಯಿಂದ ಹೊರಹಾಕುವ ಕಥೆ. ತಂದೆಯ ಜೊತೆ ಊರಿಗೆ ಹೊರಟ ಪುಟ್ಟ ನಾಣಿ, ತಲೆ ಬೋಳಾಗಿ ಮರದಡಿ ಕೂತ ಯಮುನಕ್ಕನನ್ನು ತಿರುಗಿ ನೋಡುತ್ತಾನೆ. ಅಷ್ಟೇ. ಮಾತಿಲ್ಲ, ಉಪದೇಶವಿಲ್ಲ. ಚಿತ್ರ ಅಲ್ಲಿ ಮುಗಿಯುತ್ತದೆ. ಆ ಹುಡುಗನ ಜೊತೆ ನಾವೂ ತಿರುಗಿ ತಿರುಗಿ ನೋಡುತ್ತ ಹೊರಡಬೇಕಾಗುತ್ತದೆ.

ಈ ಚಿತ್ರದ ಸುರುಳಿಗೆ ಒಳ್ಳೆಯ ಅದೃಷ್ಟವಿತ್ತು. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆ ಸ್ಥಾಪಿಸಿದ ಸಂಸ್ಥೆ ಸೇರಿ ಅದನ್ನು ಜೀರ್ಣೋದ್ಧಾರ ಮಾಡಿದವು. 2024ರಲ್ಲಿ ಇಟಲಿಯ ವೆನಿಸ್ ಚಿತ್ರೋತ್ಸವದಲ್ಲಿ ಹೊಸ ಪ್ರತಿಯನ್ನು ತೋರಿಸಲಾಯಿತು. 1993ರಲ್ಲಿ ಲಂಡನ್ನಿನ ಬೆಂಕಿಗೆ ಸಿಕ್ಕಿದ್ದ ‘ಪಥೇರ್ ಪಾಂಚಾಲಿ’ಯ ನೆಗೆಟಿವನ್ನೂ ಹೀಗೆಯೇ ವರ್ಷಗಟ್ಟಲೆ ಶ್ರಮಿಸಿ ಸರಿಪಡಿಸಿ 2015ರಲ್ಲಿ ಮತ್ತೆ ತೆರೆಗೆ ತಂದರು. ಸುರುಳಿಯನ್ನು ಒರೆಸಿ, ಹರಿದದ್ದನ್ನು ಅಂಟಿಸಿ, ಗೀರುಗಳನ್ನು ಒಂದೊಂದಾಗಿ ತೆಗೆಯುವ ಆ ಕೆಲಸ ದೊಡ್ಡದು. ‘ಸತಿ ಸುಲೋಚನ’ಕ್ಕೆ ಆ ಭಾಗ್ಯ ಇರಲಿಲ್ಲ.

ಆದರೆ ಸುರುಳಿ ಉಳಿದರೆ ದೃಶ್ಯದ ಅರ್ಧ ಉಳಿದಂತೆ. ಉಳಿದ ಅರ್ಧ ಮನೆಗಳಲ್ಲಿ ಇತ್ತು. ಒನಕೆ ನೋಡಿ ಓಬವ್ವ, ಸೀರೆ ನೋಡಿ ಸರ್ವಜಯಾ, ಕೆಂಪು ಸೀರೆಯ ಅಜ್ಜಿಯನ್ನು ನೋಡಿ ಫಣಿಯಮ್ಮ ನೆನಪಾಗುತ್ತಿದ್ದ ಮನೆಗಳು. ಈಗ ನನ್ನ ತರಗತಿಯ ಮಕ್ಕಳ ಮನೆಯಲ್ಲಿ ಒನಕೆ ಇಲ್ಲ, ಮಿಕ್ಸಿ ಇದೆ. ಛದ್ಮವೇಷಕ್ಕೆ ರಟ್ಟಿನಿಂದ ಒನಕೆ ಮಾಡಿಸುತ್ತಾರೆ. ಒನಕೆ ಎಂದರೇನೆಂದು ಅವರಿಗೆ ತಿಳಿದಿರುವುದೇ ಆ ಹಾಡಿನಿಂದ. ತಲೆ ಬೋಳಿಸಿದ ಅಜ್ಜಿಯನ್ನು ಅವರು ಕಂಡಿಲ್ಲ. ಕಾಣದೆ ಇರುವುದು ಒಳ್ಳೆಯದೇ; ಅದಕ್ಕಾಗಿಯೇ ಎಷ್ಟೋ ಜನ ದುಡಿದರು. ಮೊದಲು ಮನೆ ದೃಶ್ಯವನ್ನು ಕಾಪಾಡಿತು. ಈಗ ದೃಶ್ಯ ಆ ಮನೆಯನ್ನು ಕಾಪಾಡಿಕೊಂಡು ಕೂತಿದೆ. ಅದನ್ನು ಬಿಚ್ಚಿ ತೋರಿಸಲು ಹೇಳುವವರು ಒಬ್ಬರು ಬೇಕು.

ಕಳೆದ ವರ್ಷ ಒಂಬತ್ತನೆಯ ತರಗತಿಗೆ ಸಮಾಜ ಸುಧಾರಣೆಯ ಪಾಠ ಮಾಡುವಾಗ ‘ಘಟಶ್ರಾದ್ಧ’ದ ಕೊನೆಯ ಭಾಗವನ್ನು ಶಾಲೆಯ ಪರದೆಯ ಮೇಲೆ ತೋರಿಸಿದೆ. ಕಪ್ಪು ಬಿಳುಪು ಚಿತ್ರ, ಮಾತು ಕಡಿಮೆ, ಗಲಾಟೆ ಮಾಡುತ್ತಾರೆಂದುಕೊಂಡಿದ್ದೆ. ಮಾಡಲಿಲ್ಲ. ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು, “ಮೇಡಂ, ಆ ಅಕ್ಕನ ಕೂದಲು ಯಾಕೆ ತೆಗೆದ್ರು?” ಎಂದು ಕೇಳಿದಳು. ಹಾಗೆ ಕೇಳುವಾಗ ಅವಳ ಕೈ ತನ್ನ ಜಡೆಯ ಮೇಲಿತ್ತು.

ನಾನು ಪುಸ್ತಕ ಮುಚ್ಚಿ ಹೇಳತೊಡಗಿದೆ. ಬೆಲ್ಲು ಹೊಡೆಯಿತು, ಯಾರೂ ಏಳಲಿಲ್ಲ. ಮುಂದಿನ ಪೀರಿಯಡ್ಡಿನ ಗಣಿತದ ಮೇಷ್ಟರು ಬಾಗಿಲ ಬಳಿ ಬಂದವರು ಒಂದು ಕ್ಷಣ ನಿಂತು, ತಾವೂ ಒಳಗೆ ಬಂದು ಬೆಂಚಿನ ತುದಿಯಲ್ಲಿ ಕೂತರು.